ಓದಿದ್ದರೆ ನೂರು ಬರುತ್ತಿತ್ತು

1971ರ ಮಾರ್ಚ್ ತಿಂಗಳು. ಮರುದಿನ ಎಸ್ಸೆಸ್ಸೆಲ್ಸಿಯ ಗಣಿತ ಪರೀಕ್ಷೆ. ಕಾಪುವಿನಿಂದ ಒಂದೆರಡು ಮೈಲು ಒಳಗಿರುವ ನಮ್ಮೂರಿನ ಕೊಯ್ಲಾದ ಗದ್ದೆಯಲ್ಲಿ ಅಂದು ರಾತ್ರಿ ಹರಕೆಯ ಬಯಲಾಟ. ಊಟ ಮುಗಿಸಿದವನು ಪುಸ್ತಕ ಮುಚ್ಚಿಟ್ಟೆ, ಕಂಬಳಿ ಹೆಗಲಿಗೆ ಹಾಕಿಕೊಂಡು ಆಟಕ್ಕೆ ಹೋದೆ. ಮಂಗಳ ಪದ್ಯ ಮುಗಿಯುವವರೆಗೂ ಎದ್ದಿದ್ದೆ. ಮನೆಗೆ ಬಂದು ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡು, ಗಂಜಿ ಉಂಡು, ನೇರ ಪರೀಕ್ಷೆಯ ಕೋಣೆಗೆ ಹೋದೆ. 58 ಅಂಕ ಬಂತು.

ಆ ರಾತ್ರಿಯ ಪ್ರಸಂಗ ಯಾವುದೆಂದು ಈಗ ನೆನಪಿಲ್ಲ. ಪರೀಕ್ಷೆಯ ಮೊದಲು ಶಾಲೆಯ ಜಗಲಿಯಲ್ಲಿ ಸಿಕ್ಕಿದ ಪ್ರತಿಯೊಬ್ಬನಿಗೂ ನಾನು ಆಟಕ್ಕೆ ಹೋದದ್ದನ್ನು ಹೇಳಿದ್ದು ಮಾತ್ರ ಚೆನ್ನಾಗಿ ನೆನಪುಂಟು. "ಇಡೀ ರಾತ್ರಿ ಆಟ ನೋಡಿದೆ ಮಾರಾಯ, ಪುಸ್ತಕ ಮುಟ್ಟಲಿಲ್ಲ." ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ. ಫಲಿತಾಂಶ ಬಂದಾಗ ಅಪ್ಪ ಸುಮ್ಮನಿದ್ದರು. ಅಜ್ಜಿ ಮಾತ್ರ ಬಂದವರಿಗೆಲ್ಲ ಹೇಳಿದಳು: "ಹುಡುಗ ಬುದ್ಧಿವಂತ. ಆಟಕ್ಕೆ ಹೋದ. ಓದಿದ್ದರೆ ನೂರು ಬರುತ್ತಿತ್ತು."

ಅಜ್ಜಿ ಪ್ರೀತಿಯಿಂದ ಹೇಳಿದ ಆ ಮಾತಿನ ಆಸರೆಯಲ್ಲಿ ನಾನು ಬಹಳ ವರ್ಷ ಬದುಕಿದೆ. ಓದಿದ್ದರೆ. ಬರೆದಿದ್ದರೆ. ಪುರುಸೊತ್ತು ಸಿಕ್ಕಿದ್ದರೆ. ಮುಂದೆ ಗಣಿತದ ಅಧ್ಯಾಪಕನೇ ಆದೆ, ಕಾರ್ಕಳ ತಾಲೂಕಿನಲ್ಲಿ ಮೂರು ದಶಕ ಪಾಠ ಹೇಳಿದೆ, ಈಗ ಮಣಿಪಾಲದಲ್ಲಿ ಮಗನ ಮನೆಯಲ್ಲಿದ್ದೇನೆ. ಆ 58ರ ನಿಜವನ್ನು ಕಳೆದ ಮಾರ್ಚಿನವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಆಟದ ಆಸೆಗೆ ಗದ್ದೆಗೆ ಹೋದವನಲ್ಲ, ಪರೀಕ್ಷೆಯ ಹೆದರಿಕೆಗೆ ಹೋದವನು.

ಹೆದರಿಕೆ ಎಲ್ಲಿಂದ ಬಂತು ಎಂಬುದು ನನಗೇ ಅರ್ಥವಾಗಲು ಒಂದು ಪ್ರಯೋಗದ ವಿವರ ಓದಬೇಕಾಯಿತು. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟೀವನ್ ಬರ್ಗ್‌ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಅದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದಷ್ಟು ಸಮಸ್ಯೆ ಕೊಟ್ಟರು. ಕೆಲವರಿಗೆ ಬಿಡಿಸಬಹುದಾದವು, ಕೆಲವರಿಗೆ ಉತ್ತರವೇ ಇಲ್ಲದವು. ಎಲ್ಲರಿಗೂ "ಬಹಳ ಚೆನ್ನಾಗಿ ಮಾಡಿದ್ದೀರಿ" ಎಂದೇ ಹೇಳಿದರು. ಮುಂದಿನ ಪರೀಕ್ಷೆಗೆ ಮೊದಲು ಎರಡು ಔಷಧಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಒಂದು ಬುದ್ಧಿಯನ್ನು ಚುರುಕು ಮಾಡುವಂಥದು, ಇನ್ನೊಂದು ಮಂಕು ಮಾಡುವಂಥದು ಎಂದು ಅವರಿಗೆ ತಿಳಿಸಲಾಗಿತ್ತು. ಬಿಡಿಸಿ ಗೆದ್ದವರಲ್ಲಿ ಹೆಚ್ಚಿನವರು ಚುರುಕಿನದನ್ನು ಆರಿಸಿದರು. ಹೇಗೆ ಗೆದ್ದೆವೆಂದು ತಿಳಿಯದೆ ಹೊಗಳಿಕೆ ಪಡೆದವರು, ಅದರಲ್ಲೂ ಗಂಡಸರು, ಮಂಕಿನದರ ಕಡೆ ಹೋದರು.

ಅದನ್ನು ಓದಿದಾಗ ನನ್ನ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದಲ್ಲಿ ನನಗೆ 96 ಬಂದಿತ್ತು, ಇಡೀ ಶಾಲೆಗೆ ಹೆಚ್ಚು. ಬಾಯಿಪಾಠ ಮಾಡಿದ ಪ್ರಮೇಯಗಳೇ ಸಾಲಾಗಿ ಬಂದು ಬಿದ್ದದ್ದರಿಂದ ಸಿಕ್ಕಿದ ಅಂಕ ಅದು. ಅಧ್ಯಾಪಕರು ಎಲ್ಲರೆದುರು ಬೆನ್ನು ತಟ್ಟಿದರು. ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಆ 96 ನನ್ನದಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು. ಓದಿ ಬರೆದು 58 ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಓದದೆ 58 ಬಂದರೆ ಏನೂ ಗೊತ್ತಾಗುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಆಕೆ ಕುಣಿದ ಮೇಲೆ ನೆಪ ಹೇಳಿದಳು, ಪಾಪ, ಕುಣಿಯಲಿಕ್ಕಾದರೂ ಇಳಿದಳು. ನಾನು ಮಾಡಿದ್ದು ಬೇರೆ. ಹಿಂದಿನ ರಾತ್ರಿಯೇ ಪಿಕಾಸಿ ತಂದು ನೆಲವನ್ನು ಅಗೆದಿಟ್ಟೆ. ಬೆಳಿಗ್ಗೆ ನೆಲ ನಿಜವಾಗಿಯೂ ಡೊಂಕಾಗಿತ್ತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗಾಗಿಯೇ ಅದನ್ನು ಸುಳ್ಳೆಂದು ಗುರುತಿಸಲು ನನಗೆ ಇಷ್ಟು ವರ್ಷ ಬೇಕಾಯಿತು.

ಇದಕ್ಕೆ ನಾನು ದೇವರ ಕಥೆಯ ಬೆಂಬಲವನ್ನೂ ಪಡೆದುಕೊಂಡಿದ್ದೆ. ಕಾಪುವಿನ ಹತ್ತಿರ ದಂಡತೀರ್ಥ ಎಂಬ ಕೆರೆಯುಂಟು. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಉಡುಪಿಯಲ್ಲಿ ಪರ್ಯಾಯ ಪೀಠವೇರುವ ಸ್ವಾಮಿಗಳು ನಸುಕಿನಲ್ಲಿ ಇಲ್ಲಿ ಮಿಂದು ಜೋಡುಕಟ್ಟೆಗೆ ಹೋಗುತ್ತಾರೆ, ಅಲ್ಲಿಂದ ಮೆರವಣಿಗೆಯಲ್ಲಿ ಕೃಷ್ಣಮಠಕ್ಕೆ. ಮಧ್ವಾಚಾರ್ಯರು ಬಾಲ್ಯದಲ್ಲಿ ಕಲಿತ ಗುರುಕುಲ ಇಲ್ಲಿತ್ತು, ಅವರು ದಂಡದಿಂದ ನೆಲ ಮೀಟಿದಾಗ ನೀರು ಬಂತು ಎಂದು ನಂಬಿಕೆ. ಪಾಜಕದ ಆ ಹುಡುಗ ವಾಸುದೇವ ಪಾಠಕ್ಕಿಂತ ಓಟ, ಜಿಗಿತ, ಕುಸ್ತಿಗಳಲ್ಲೇ ಮುಂದು. ಗುರುಗಳು ಗದರಿಸಿದಾಗ ಹೇಳಿಕೊಟ್ಟದ್ದನ್ನೂ ಹೇಳಿಕೊಡದ್ದನ್ನೂ ತಪ್ಪಿಲ್ಲದೆ ಒಪ್ಪಿಸಿದನಂತೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಈ ಪ್ರಸಂಗ ಬರುತ್ತದೆ. ಅಜ್ಜಿ ಇದನ್ನು ಕೆರೆಯ ಮೆಟ್ಟಿಲ ಮೇಲೆ ಕುಳ್ಳಿರಿಸಿ ಹೇಳುತ್ತಿದ್ದಳು. ನಾನು ಅದರಿಂದ ತೆಗೆದುಕೊಂಡ ಪಾಠ ಒಂದೇ: ದೊಡ್ಡವರಾಗುವವರು ಓದುವುದಿಲ್ಲ, ಅವರಿಗೆ ಬರುತ್ತದೆ. ಅದೇ ಹುಡುಗ ಮುಂದೆ ಎಷ್ಟು ಭಾಷ್ಯ ಬರೆದ, ಎಷ್ಟು ವಾದಕ್ಕೆ ಕುಳಿತ, ಎಷ್ಟು ಸಲ ಬದರಿಗೆ ನಡೆದ ಎಂಬ ಭಾಗವನ್ನೂ ಅಜ್ಜಿ ಹೇಳುತ್ತಿದ್ದಳು. ನನ್ನ ಕಿವಿಗೆ ಬೇಕಾದದ್ದು ಮೊದಲ ಭಾಗ ಮಾತ್ರ.

ಅಧ್ಯಾಪಕನಾದ ಮೇಲೆ ನನ್ನದೇ ಮುಖವನ್ನು ಬೆಂಚುಗಳಲ್ಲಿ ಕಂಡೆ. ಪರೀಕ್ಷೆಯ ವಾರ ಕೈಗೆ ಪಟ್ಟಿ ಕಟ್ಟಿಕೊಂಡು ಬರುವ ಹುಡುಗ, ಜ್ವರ ಬರಲೆಂದು ಮಳೆಯಲ್ಲಿ ನೆನೆದು ಬಂದ ಹುಡುಗಿ. ಇವರು ದಡ್ಡರಲ್ಲ. ಕಡಿಮೆ ಅಂಕಕ್ಕೆ ಒಗ್ಗಿಹೋದವರಿಗೆ ನೆಪ ಬೇಕಾಗುವುದಿಲ್ಲ. ಒಮ್ಮೆ ಹೊಗಳಿಸಿಕೊಂಡವರಿಗೆ ಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ನನಗೂ ಸಂತೋಷವಾಯಿತು. ಆ ಸಂತೋಷದ ಅಡಿಯಲ್ಲಿ ಎಷ್ಟು ಮಕ್ಕಳು "ಏನೂ ಓದಿಲ್ಲ" ಎಂದು ಪಿಸುಗುಟ್ಟುತ್ತಿರಬಹುದು ಎಂಬ ಯೋಚನೆಯೂ ಬಂತು. ಮೊದಲ ಸ್ಥಾನದ ಊರಿನಲ್ಲಿ ಹುಟ್ಟಿದ ಮಗುವಿನ ಹೆಗಲ ಮೇಲೆ ಅದು ಗಳಿಸದ ಹೊಗಳಿಕೆಯೂ ಕೂತಿರುತ್ತದೆ.

ನನಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರು ಬದುರು ಕುಳಿತು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಸೈಕಲ್ ತುಳಿದುಕೊಂಡು ಹೋದ ತಲೆಮಾರು ನಮ್ಮದು. ಹವ್ಯಾಸಿಗಳಾದ ನಮ್ಮ ಕೂಟಗಳಲ್ಲಿ ಒಂದು ರೂಢಿಯಿತ್ತು. ಕುಳಿತುಕೊಳ್ಳುವ ಮೊದಲು ಒಬ್ಬೊಬ್ಬರೂ ಹೇಳಲೇಬೇಕು: "ಗಂಟಲು ಕೂತಿದೆ." "ಪ್ರಸಂಗ ನೋಡಲಿಕ್ಕೆ ಪುರುಸೊತ್ತಾಗಲಿಲ್ಲ." ಇನ್ನೊಬ್ಬರು, "ನನ್ನದೂ ಅದೇ ಕಥೆ." ಇದನ್ನು ನಾವು ವಿನಯ ಎಂದು ಭಾವಿಸಿದ್ದೆವು.

ಒಂದು ಮಳೆಗಾಲದಲ್ಲಿ, ಕಾರ್ಕಳದ ಹತ್ತಿರದ ಒಂದು ಮನೆಯ ಚಾವಡಿಯಲ್ಲಿ ಉತ್ತರ ಗೋಗ್ರಹಣದ ಕೂಟ. ನನಗೆ ಉತ್ತರಕುಮಾರ. ಎಲ್ಲರಿಗೂ ಗೊತ್ತಿರುವ ಕಥೆ. ಕೌರವರು ದನ ಹೊಡೆದುಕೊಂಡು ಹೋಗಿದ್ದಾರೆ, ಅರಮನೆಯಲ್ಲಿ ಉಳಿದಿರುವ ಗಂಡಸು ಇವನೊಬ್ಬ. ಹೆಂಗಸರ ನಡುವೆ ನಿಂತು ಹೇಳುತ್ತಾನೆ, ಒಳ್ಳೆಯ ಸಾರಥಿಯೊಬ್ಬ ಇದ್ದಿದ್ದರೆ ಇಡೀ ಸೈನ್ಯವನ್ನು ಮುರಿದು ಬರುತ್ತಿದ್ದೆ ಎಂದು. ಇದ್ದಿದ್ದರೆ! ಉತ್ತರನ ಪೌರುಷ ಒಲೆಯ ಮುಂದೆ ಎಂದು ಅವನನ್ನು ಗಾದೆ ಮಾಡಿ ಇಟ್ಟಿದ್ದೇವೆ. ನಾನೂ ಗಾದೆಯ ದಾರಿಯಲ್ಲೇ ಅರ್ಥ ಹೇಳುತ್ತಿದ್ದೆ, ಜನ ನಗುತ್ತಿದ್ದರು. ಬೃಹನ್ನಳೆಯ ಅರ್ಥಕ್ಕೆ ಕುಳಿತಿದ್ದ ಹಿರಿಯರು ನಗಲಿಲ್ಲ. ತುಸು ಮುಂದೆ ಬಾಗಿ, ತಗ್ಗಿದ ಸ್ವರದಲ್ಲಿ ಕೇಳಿದರು: "ರಾಜಕುಮಾರ, ಸಾರಥಿ ಇಲ್ಲವೆಂದು ನೀನು ಯುದ್ಧಕ್ಕೆ ಹೋಗಲಿಲ್ಲವೋ, ಯುದ್ಧಕ್ಕೆ ಹೋಗಬಾರದೆಂದು ಸಾರಥಿಯನ್ನು ಹುಡುಕಲಿಲ್ಲವೋ?"

ನನ್ನ ಬಾಯಿ ಕಟ್ಟಿತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಮದ್ದಳೆಗಾರರು ಸಣ್ಣಗೆ ಒಂದು ಪೆಟ್ಟು ಹಾಕಿ ನನ್ನನ್ನು ಚಾವಡಿಗೆ ವಾಪಸು ಕರೆತಂದರು. ಹೊರಗೆ ಮಳೆ ಸುರಿಯುತ್ತಿತ್ತು. ಐದು ದಶಕಗಳ ಹಿಂದಿನ ಗದ್ದೆ ಕಣ್ಣ ಮುಂದೆ ಬಂದು ನಿಂತಿತ್ತು.

ಆಮೇಲೆ ಉತ್ತರನ ಮೇಲಿನ ನನ್ನ ನೋಟವೇ ಬದಲಾಯಿತು. ಸೈನ್ಯ ಕಂಡು ರಥದಿಂದ ಹಾರಿ ಓಡಿದವನನ್ನು ಅರ್ಜುನ ಹಿಡಿದು ತಂದ. ಬೈದು ಮನೆಗೆ ಕಳಿಸಲಿಲ್ಲ. ನೀನು ಸಾರಥಿಯಾಗು, ನಾನು ಯುದ್ಧ ಮಾಡುತ್ತೇನೆ ಎಂದ. ಸಾರಥಿಯಿಲ್ಲ ಎಂದವನ ಕೈಗೇ ಕುದುರೆಯ ಹಗ್ಗ ಬಂತು! ವ್ಯಾಸರು ಇದನ್ನು ಎಷ್ಟು ಕರುಣೆಯಿಂದ ಕಟ್ಟಿದ್ದಾರೆ ಎಂದು ಯೋಚಿಸಿದರೆ ಈಗಲೂ ಕಣ್ಣು ತುಂಬುತ್ತದೆ. ಅವನ ನೆಪ ಎಲ್ಲಿತ್ತೋ ಅಲ್ಲಿಯೇ ಅವನಿಗೆ ಕೆಲಸ ಸಿಕ್ಕಿತು, ಮಾಡಬಲ್ಲಷ್ಟೇ ಕೆಲಸ. ಅವನು ಅದನ್ನು ಪೂರ್ತಿ ಮಾಡಿದ. ತಿರುಗಿ ಬಂದಾಗ ಅಪ್ಪ ವಿರಾಟ ಮಗನೇ ಗೆದ್ದನೆಂದು ಸಂಭ್ರಮಿಸಿದರೆ, ಗೆದ್ದವನು ನಾನಲ್ಲ, ಒಬ್ಬ ದೇವಪುತ್ರ ಎಂದ. ಬೆಳಿಗ್ಗೆ ಇಲ್ಲದ ಪೌರುಷವನ್ನು ಹೇಳಿಕೊಂಡ ಹುಡುಗ ಸಂಜೆ ಪುಕ್ಕಟೆ ಬಂದ ಕೀರ್ತಿಯನ್ನು ಹಿಂದೆ ಕೊಟ್ಟ. ಗಾದೆಯಲ್ಲಿ ಬೆಳಿಗ್ಗೆ ಮಾತ್ರ ಉಂಟು.

ಗಣಿತದವನಾದ್ದರಿಂದ ನನಗೆ ಒಂದು ಪದ ಕಾಡುತ್ತದೆ: ಮಾನ. ಮಾನ ಎಂದರೆ ಗೌರವ. ಮಾನ ಎಂದರೆ ಅಳತೆಯೂ ಹೌದು. ತಾಪಮಾನ, ಪರಿಮಾಣ, ಮಾನದಂಡ. ಸಂಸ್ಕೃತದ ಧಾತುಗಳು ಬೇರೆ, ಒಂದು ಮನ್, ಇನ್ನೊಂದು ಮಾ. ಆದರೆ ಕನ್ನಡದ ನಾಲಿಗೆಯ ಮೇಲೆ ಎರಡೂ ಒಂದೇ ಪದವಾಗಿ ಕುಳಿತಿವೆ. ನಾನು ಮಾಡಿದ್ದು ಇಷ್ಟೇ: ಮಾನ ಉಳಿಸಿಕೊಳ್ಳಲು ಮಾನಕ್ಕೆ ತಪ್ಪಿಸಿಕೊಂಡೆ. ಜೈನರಲ್ಲಿ ಆತ್ಮವನ್ನು ಕಟ್ಟಿಹಾಕುವ ನಾಲ್ಕು ಕಷಾಯಗಳಲ್ಲಿ ಕ್ರೋಧದ ನಂತರ ಬರುವುದೇ ಮಾನ, ಆಮೇಲೆ ಮಾಯೆ, ಲೋಭ.

ಕಾರ್ಕಳದಲ್ಲಿ ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಗೊಮ್ಮಟಬೆಟ್ಟ ಹತ್ತುತ್ತಿದ್ದೆ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಬಾಹುಬಲಿ, ಸುಮಾರು 42 ಅಡಿ. ಮಕ್ಕಳು ಎತ್ತರವನ್ನು ನೆರಳಿನಿಂದ ಲೆಕ್ಕ ಹಾಕುತ್ತಿದ್ದರು, ಸಮರೂಪ ತ್ರಿಭುಜದ ಪಾಠ ಅಲ್ಲೇ ಆಗುತ್ತಿತ್ತು. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದದ್ದನ್ನೆಲ್ಲ ಬಿಟ್ಟು, ವರ್ಷವಿಡೀ ನಿಂತೇ ತಪಸ್ಸು ಮಾಡಿದವನು. ಬಳ್ಳಿ ತೊಡೆಗೆ ಹಬ್ಬಿತು. ಜ್ಞಾನ ಬರಲಿಲ್ಲ. ನಿಂತ ನೆಲ ಭರತನದು ಎಂಬ ಒಂದು ಎಳೆ ಮನಸ್ಸಿನಲ್ಲಿ ಉಳಿದಿತ್ತು ಎಂದು ನಮ್ಮ ಕಡೆ ಹೇಳುತ್ತಾರೆ. ರಾಜ್ಯ ಬಿಟ್ಟವನಿಗೆ ಒಂದು ಜೊತೆ ಪಾದದಗಲದ ನೆಲ ಬಿಡಲು ಇಷ್ಟು ಕಷ್ಟವಾದರೆ, ಪರೀಕ್ಷೆಗೆ ಹೆದರಿದ ಹುಡುಗನ ಮೇಲೆ ನಾನು ಯಾಕೆ ಅಷ್ಟು ಕಠಿಣನಾಗಬೇಕು ಎಂದೂ ಅನಿಸಿದ್ದುಂಟು.

ಆದರೂ ಒಂದು ಪ್ರಶ್ನೆ ಬಿಡುವುದಿಲ್ಲ, ಅದು ಭಕ್ತರಾದ ನಮ್ಮನ್ನೇ ಕೇಳಬೇಕಾದ ಪ್ರಶ್ನೆ. ನಮ್ಮ ಊರಿನಲ್ಲಿ ಯಾವ ಕೆಲಸಕ್ಕೆ ಮೊದಲೂ "ನಮ್ಮದೇನುಂಟು, ದೇವರು ಮಾಡಿಸಿದ ಹಾಗೆ" ಎನ್ನುತ್ತೇವೆ. ಮಧ್ವರ ಮತವೂ ಹಾಗೆಯೇ ಹೇಳುತ್ತದಲ್ಲ, ಸ್ವತಂತ್ರನು ಹರಿಯೊಬ್ಬನೇ, ಜೀವ ಪರತಂತ್ರ ಎಂದು. ಹಾಗಾದರೆ ನನ್ನ ನೆಪಕ್ಕೂ ಭಕ್ತನ ಶರಣಾಗತಿಗೂ ವ್ಯತ್ಯಾಸ ಏನು? ಮಾತು ಒಂದೇ ಆಗಿದೆ.

ವನಪರ್ವದಲ್ಲಿ ದ್ರೌಪದಿ ಧರ್ಮರಾಯನಿಗೆ ಹೇಳುವ ಒಂದು ಮಾತು ನನಗೆ ದಾರಿ ತೋರಿಸಿತು. ರೈತನ ದೃಷ್ಟಾಂತ ಅದು. ಉತ್ತು ಬಿತ್ತಿದವನು ಆಮೇಲೆ ಸುಮ್ಮನೆ ಕುಳಿತುಕೊಳ್ಳುತ್ತಾನೆ, ಮುಂದಿನದು ಮಳೆಯ ಕೈಯಲ್ಲಿ. ಮಳೆ ಕೈಕೊಟ್ಟರೆ ಅವನ ಮೇಲೆ ದೋಷವಿಲ್ಲ. ಬಿತ್ತಿದ ಮೇಲೆ ಆಕಾಶ ನೋಡುವುದು ಒಂದು, ಬಿತ್ತದೆ ಆಕಾಶ ನೋಡುವುದು ಇನ್ನೊಂದು. ಮಧ್ವರೂ ಜೀವನ ಕರ್ತೃತ್ವವನ್ನು ಅಳಿಸಿಲ್ಲ. ಅದು ಪರಾಧೀನ, ಆದರೆ ನಿಜ. ಅಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ.

ಮಧ್ವರ ಇನ್ನೊಂದು ಮಾತು ಕಠಿಣವಾದದ್ದು, ತಾರತಮ್ಯ. ಒಬ್ಬೊಬ್ಬ ಜೀವನಿಗೂ ಅವನದೇ ಸ್ವರೂಪ, ಅವನದೇ ಯೋಗ್ಯತೆ. ಮುಕ್ತಿಯಲ್ಲಿಯೂ ಆನಂದ ಎಲ್ಲರಿಗೂ ಒಂದೇ ಅಳತೆಯದಲ್ಲ. ಇದನ್ನು ಹುಟ್ಟಿನ ಹೆಮ್ಮೆಗೆ ಬಳಸಿಕೊಂಡವರನ್ನು ಕಂಡಿದ್ದೇನೆ, ಅದು ನನಗೆ ನೋವು ಕೊಟ್ಟಿದೆ. ಆದರೆ ಪಾತ್ರೆಯ ದೃಷ್ಟಾಂತವನ್ನು ಕೇಳಿದ ಮೇಲೆ ಅದರೊಳಗೆ ನನಗೊಂದು ಸಮಾಧಾನವೂ ಸಿಕ್ಕಿತು. ಪಾತ್ರೆ ಸಣ್ಣದಿರಬಹುದು, ದೊಡ್ಡದಿರಬಹುದು, ಕಂಠದವರೆಗೆ ತುಂಬಿದ ಮೇಲೆ ಯಾವುದೂ ಅರೆಯಲ್ಲ. ಅಜ್ಜಿ ಅಕ್ಕಿ ಅಳೆಯುವಾಗ ಪಾವು, ಸೇರು, ಕಳಸೆ ಮೂರೂ ಪಕ್ಕದಲ್ಲಿರುತ್ತಿದ್ದವು. ಪಾವು ಕಳಸೆಯ ಎದುರು ನಾಚಿದ್ದನ್ನು ನಾನು ಕಂಡಿಲ್ಲ. ನಾನು ನನ್ನ ಪಾವನ್ನು ಬೋರಲು ಹಾಕಿಟ್ಟೆ. ಬೋರಲು ಬಿದ್ದದ್ದಕ್ಕೆ ಎಷ್ಟು ಹಿಡಿಯುತ್ತದೆಂದು ಯಾರಿಗೂ ತಿಳಿಯುವುದಿಲ್ಲ, ನೋಡಿದವರು ಕಳಸೆಯೆಂದೇ ಭಾವಿಸಬಹುದು. ಅದರೊಳಗೆ ಒಂದು ಕಾಳು ಅಕ್ಕಿಯೂ ಬೀಳುವುದಿಲ್ಲ ಎಂಬುದು ಬೇರೆ ವಿಷಯ.

ಇಲ್ಲಿ ಮುದ್ದಣನ ಮಾತು ಬಾರದೆ ಇರುವುದಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದವನು, ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುವ ಬಡ ಮೇಷ್ಟ್ರು. ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ರಾಮಾಶ್ವಮೇಧಗಳನ್ನು ಬರೆದು, ಯಾರೋ ಹಳೆಯ ಕವಿಯ ಕೃತಿ ಸಿಕ್ಕಿತೆಂದು ಮೈಸೂರಿನ ಪತ್ರಿಕೆಗಳಿಗೆ ಕಳಿಸಿದ. ವಿದ್ವಾಂಸರು ಹಳೆಯದೆಂದೇ ಓದಿದರು. 1901ರಲ್ಲಿ, 31ರ ಹರೆಯದಲ್ಲಿ, ಕ್ಷಯ ಅವನನ್ನು ಕೊಂಡೊಯ್ಯಿತು. ಬರೆದವನು ಅವನೇ ಎಂದು ನಾಡಿಗೆ ಖಚಿತವಾದದ್ದು ಆಮೇಲೆ.

ತರಗತಿಯಲ್ಲಿ ನಾನು ಅವನನ್ನು ವಿನಯಕ್ಕೆ ಉದಾಹರಣೆಯಾಗಿ ಕೊಡುತ್ತಿದ್ದೆ. ಆ ಕೂಟದ ಮಳೆಯ ರಾತ್ರಿಯ ನಂತರ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಡ್ರಿಲ್ ಮೇಷ್ಟ್ರು ಕಾವ್ಯ ಬರೆದನೆಂದರೆ ಯಾರು ಓದುತ್ತಾರೆ ಎಂಬ ಅಳುಕೂ ಅಲ್ಲಿ ಇದ್ದಿರಬೇಕು. ಸೋತರೆ ಸೋಲು ಹಳೆಯ ಕವಿಯದು, ತನ್ನದಲ್ಲ. ಹಾಗಾದರೆ ಅವನೂ ನನ್ನ ಜಾತಿಯವನೇ ಎಂದು ಒಮ್ಮೆ ಅಂದುಕೊಂಡೆ, ಅಂದುಕೊಂಡು ರಾಮಾಶ್ವಮೇಧವನ್ನು ಮತ್ತೆ ತೆರೆದೆ. ಮುದ್ದಣ ಮನೋರಮೆಯರ ಆ ಮಾತುಕತೆಗೆ ಬರುವ ಹೊತ್ತಿಗೆ ನನ್ನ ಲೆಕ್ಕ ತಪ್ಪೆಂದು ತಿಳಿಯಿತು. ಆ ಗದ್ಯದಲ್ಲಿ ಅರೆಮನಸ್ಸಿನ ಒಂದು ಪದವಿಲ್ಲ. ಅವನು ಹೆಸರನ್ನು ಬಚ್ಚಿಟ್ಟ, ಕೆಲಸವನ್ನು ಬಚ್ಚಿಡಲಿಲ್ಲ. ನಾನು ಹೆಸರನ್ನು ಉಳಿಸಿಕೊಂಡೆ, ಕೆಲಸವನ್ನು ಗದ್ದೆಯಲ್ಲಿ ಬಿಟ್ಟು ಬಂದೆ. ಅವನ ಭಯ ಅವನಿಂದ ಹೊಗಳಿಕೆಯನ್ನು ಕಿತ್ತುಕೊಂಡಿತು, ಅದು ದುಃಖದ ಸಂಗತಿಯೇ. ನನ್ನ ಭಯ ಕಿತ್ತುಕೊಂಡದ್ದು ಆ ಬೆಳಗಿನ ಮೂರು ಗಂಟೆಗಳನ್ನು. ಆ ಮೂರು ಗಂಟೆಗಳಲ್ಲಿ ನಾನು ಯಾರೆಂದು ನನಗೆ ಸ್ವಲ್ಪವಾದರೂ ತಿಳಿಯುತ್ತಿತ್ತು.

ಕಳೆದ ಮಾರ್ಚಿನಲ್ಲಿ ಮೊಮ್ಮಗಳು ಪರೀಕ್ಷೆಯ ಹಿಂದಿನ ರಾತ್ರಿ ಮೊಬೈಲು ಹಿಡಿದು ಕುಳಿತಿದ್ದಳು. "ಏನೂ ಓದಿಲ್ಲ ಅಜ್ಜ, ಎಂತ ಆಗ್ತದೋ ಆಗಲಿ" ಎಂದಳು. ಅವಳಿಗೆ ಗದ್ದೆಯ ಕಥೆ ಹೇಳಿದೆ, 96ರಿಂದ ಹಿಡಿದು. ಬೇರೆಯವರಿಗೆ ಹೇಳಿದ್ದು ಅದೇ ಮೊದಲು. ಕೇಳಿ ಮುಗಿಸಿ, "ಓದಿದ್ದರೆ ನಿಜವಾಗಿ ಎಷ್ಟು ಬರುತ್ತಿತ್ತು?" ಎಂದು ಕೇಳಿದಳು. ಗೊತ್ತಿಲ್ಲ ಮಗಾ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಪುಸ್ತಕ ತೆಗೆದಳೋ ಇಲ್ಲವೋ, ನಾನು ಬಾಗಿಲು ಎಳೆದುಕೊಂಡು ಬಂದೆ.

ಈ ಆಟಿ ತಿಂಗಳಲ್ಲಿ ಕೂಟಕ್ಕೆ ಕರೆ ಬಂತು, ಮತ್ತೆ ಉತ್ತರ ಗೋಗ್ರಹಣ, ಮತ್ತೆ ನನಗೆ ಉತ್ತರನೇ. ಬೇಕೆಂದು ಕೇಳಿ ಪಡೆದೆ. ಹದಿನೈದು ದಿನ ಪ್ರಸಂಗದ ಪದಗಳನ್ನು ಓದಿದೆ, ಬೆಳಿಗ್ಗೆ ಎದ್ದು ಟಿಪ್ಪಣಿ ಮಾಡಿಕೊಂಡೆ. ಸಂಜೆಯ ಮಾತುಗಳಿಗೆ, ಅಪ್ಪನ ಎದುರು ನಿಂತು ಗೆದ್ದವನು ನಾನಲ್ಲ ಎನ್ನುವ ಜಾಗಕ್ಕೆ, ಹೆಚ್ಚು ದಿನ ಕೊಟ್ಟೆ. ಹೊರಡುವ ದಿನ ಮಳೆಯ ಶೀತಕ್ಕೆ ಗಂಟಲು ನಿಜವಾಗಿಯೂ ಕೂತಿತ್ತು. ಚಾವಡಿಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ನೆಗಡಿ, ಪುರುಸೊತ್ತಿಲ್ಲದ ಕಥೆ ಹೇಳಿ ಮುಗಿಸಿದರು. ಭಾಗವತರು ನನ್ನ ಕಡೆ ತಿರುಗಿ, "ನಿಮ್ಮದು ಹೇಗೆ ಮಾಷ್ಟ್ರೇ?" ಎಂದರು.

"ಶುರು ಮಾಡುವ" ಎಂದೆ.